ಸಕ್ಕರೆಯ ಜಮಾ-ಖರ್ಚು

ನಾವು ಬೆಲ್ಲವೆನ್ನುವುದನ್ನು ತೆಲುಗರು ಬೆಲ್ಲಂ ಎನ್ನುತ್ತಾರೆ. ಸಕ್ಕರೆಗೆ ಮಾತ್ರ ಅವರಲ್ಲಿ ಪಂಚದಾರ ಎಂಬ ಬೇರೆಯೇ ಹೆಸರು ರೂಢಿಯಲ್ಲಿದೆ. ಆದರೆ ಮಧುಮೇಹವೆಂಬ ವ್ಯಾಧಿಯ ಪ್ರಸ್ತಾಪ ಬಂದೊಡನೆ ಭಾಷೆಗಳ ಭೇದವಳಿದು, ಉಭಯತರೂ 'ಷುಗರ್' ಎಂಬ ಒಂದೇ ಮಾತನ್ನು ಆಡುತ್ತೇವೆ. ವಿಜಯವಾಡದ ಗವರ್ನರ್‌ಪೇಟೆಯಲ್ಲಾಗಲಿ, ವಿಶಾಖಪಟ್ಟಣದ ದ್ವಾರಕಾನಗರದಲ್ಲಾಗಲಿ, ನಾಲ್ವರು ಮಧ್ಯವಯಸ್ಕರು ಒಂದೆಡೆ ಸೇರಿದರೆ ಕುಶಲಪ್ರಶ್ನೆಯ ಬೆನ್ನಿಗೇ ಬರುವ ಪ್ರಶ್ನೆ ಇದೇ ಆಗಿರುತ್ತದೆ.

ಪ್ರಸ್ತುತ ಲೇಖಕನು ಮಂಡ್ಯ ಜಿಲ್ಲೆಯವನು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿಯು ಸ್ಥಾಪನೆಯಾದ ಮೇಲೆ ಸಕ್ಕರೆಯ ನಾಡೆಂದು ಪ್ರಸಿದ್ಧಿ ಪಡೆದ ಸೀಮೆ ಅದು. ಬ್ಯಾಂಕಿನ ವರ್ಗಾವಣೆಯು ನನ್ನನ್ನು ಮೊದಲು ವಿಜಯವಾಡಕ್ಕೂ ಅನಂತರ ವಿಶಾಖಪಟ್ಟಣಕ್ಕೂ ಕರೆತಂದಿತು. ಅಲ್ಲಿ ಉಯ್ಯೂರಿನ ಸಕ್ಕರೆ ಕಾರ್ಖಾನೆ ಸಮೀಪದಲ್ಲಿತ್ತು. ಇಲ್ಲಿ ದೇಶದಲ್ಲೇ ಹೆಸರಾದ ಅನಕಾಪಲ್ಲಿಯ ಬೆಲ್ಲದ ಮಾರುಕಟ್ಟೆ ನೆರೆಯಲ್ಲಿದೆ. ಹೀಗಾಗಿ ಸಿಹಿಯ ನೆರೆ ಬಿಟ್ಟು ಬಾಳಿದ್ದೇ ಇಲ್ಲ. ಇಲ್ಲಿ ನೆಲೆಸಿದ ಕನ್ನಡಿಗರ ಮನೆಗಳಲ್ಲಿ ಎರಡು ರಾಜ್ಯಗಳ ಸಿಹಿಯೂ ಸಂಗಮಿಸುತ್ತದೆ. ಊರಿನಿಂದ ಬಂದ ಮೈಸೂರು ಪಾಕು, ಧಾರವಾಡದ ಪೇಡ, ಹೋಳಿಗೆಗಳೊಡನೆ ಬಂದರು ಲಡ್ಡು, ಆತ್ರೇಯಪುರದ ಪೂತರೇಕು, ತಾಪೇಶ್ವರದ ಕಾಜ, ಮಾಡುಗುಲದ ಹಲ್ವಗಳೂ ನಮ್ಮ ಡಬ್ಬಿಗಳಲ್ಲಿ ಸ್ಥಾನ ಪಡೆದಿವೆ.

ನನ್ನ ತಂದೆಯವರು ಹದಿನೆಂಟು ವರ್ಷ ಮಧುಮೇಹದೊಡನೆ ಬಾಳಿದರು. ಕಾಲಿನ ಒಂದು ಸಣ್ಣ ಗಾಯ ಮಾಯದೆ ಉಲ್ಬಣಿಸಿ, ಕಡೆಗೆ ಎರಡು ಬೆರಳುಗಳನ್ನು ತೆಗೆಸಬೇಕಾಯಿತು. ಅದನ್ನು ಕಣ್ಣಾರೆ ಕಂಡೂ ನಾನು ಎಚ್ಚರಗೊಳ್ಳಲಿಲ್ಲವೆಂಬುದನ್ನು ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತೇನೆ. ನನ್ನ 43ನೆಯ ವಯಸ್ಸಿನಲ್ಲಿ ನಡೆದ ವಾರ್ಷಿಕ ಆರೋಗ್ಯ ತಪಾಸಣೆಯಲ್ಲಿ, ಬರಿಹೊಟ್ಟೆಯ ರಕ್ತದ ಗ್ಲುಕೋಸು 112 ಮಿಲಿಗ್ರಾಂ, ಕಳೆದ ಮೂರು ತಿಂಗಳ ಸರಾಸರಿಯನ್ನು ತಿಳಿಸುವ ಎಚ್‌ಬಿಎ1ಸಿ ಅಂಶ ಶೇಕಡಾ 6.1 ಎಂದು ವರದಿ ಬಂದಿತು. ಮೊದಲನೆಯದು 100ಕ್ಕಿಂತಲೂ ಎರಡನೆಯದು 5.7ಕ್ಕಿಂತಲೂ ಕಡಿಮೆಯಿದ್ದರೆ ಕ್ಷೇಮ. ಮೊದಲನೆಯದು 126, ಎರಡನೆಯದು 6.5 ಮುಟ್ಟಿದರೆ ಮಧುಮೇಹ. ನಾನು ನಡುವಿನ ಸ್ಥಳದಲ್ಲಿ ನಿಂತಿದ್ದೆ. "ಇದು ಇನ್ನೂ ರೋಗವಲ್ಲ, ರೋಗ ಕೊಟ್ಟ ನೋಟೀಸು" ಎಂದರು ವೈದ್ಯರು. ನೋಟೀಸೆಂಬ ಪದದ ಅರ್ಥ ಬ್ಯಾಂಕಿನವನಿಗೆ ಬೇಗ ಆಗುತ್ತದೆ.

ಹೀಗೆ ನೋಟೀಸು ಪಡೆದವನು ನಾನೊಬ್ಬನೇ ಅಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯು, ನಮ್ಮ ದೇಶದಲ್ಲಿ ಸುಮಾರು 10.1 ಕೋಟಿ ಮಂದಿ ಮಧುಮೇಹಿಗಳಿರುವರೆಂದೂ, ಸುಮಾರು 13.6 ಕೋಟಿ ಮಂದಿ ಅದರ ಹೊಸ್ತಿಲಲ್ಲಿರುವರೆಂದೂ ಅಂದಾಜು ಮಾಡಿತು. ನಾನು ವೈದ್ಯನಲ್ಲ, ಆಹಾರ ತಜ್ಞನೂ ಅಲ್ಲ, ವಾಣಿಜ್ಯಶಾಸ್ತ್ರದ ಪದವೀಧರ. ನನಗೆ ತಿಳಿದ ವಿದ್ಯೆ ಲೆಕ್ಕ ಬರೆಯುವುದೊಂದೇ. ಆ ವಿದ್ಯೆಯನ್ನು ಅಡುಗೆಮನೆಗೆ ಅನ್ವಯಿಸಿದಾಗ ಕಂಡುಬಂದ ಸಂಗತಿಗಳನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ರಕ್ತದ ನಗದು ಮಿತಿ

ನಾವು ತಿಂದ ಅನ್ನ, ರೊಟ್ಟಿ, ಮುದ್ದೆಗಳಲ್ಲಿರುವ ಪಿಷ್ಟವು ಜೀರ್ಣವಾಗಿ ಗ್ಲುಕೋಸು ಆಗುತ್ತದೆ. ಸಕ್ಕರೆಯ ಒಂದೊಂದು ಕಣವಾದರೋ ಗ್ಲುಕೋಸು ಮತ್ತು ಫ್ರುಕ್ಟೋಸುಗಳ ಜೋಡಿ. ಕರುಳಿನಲ್ಲಿ ಈ ಜೋಡಿಯು ಬೇರ್ಪಟ್ಟು, ಗ್ಲುಕೋಸು ನೇರವಾಗಿ ರಕ್ತಕ್ಕೂ, ಫ್ರುಕ್ಟೋಸಿನ ಬಹುಭಾಗ ಯಕೃತ್ತಿಗೂ ಸಂದಾಯವಾಗುತ್ತದೆ.

ವಯಸ್ಕನ ದೇಹದಲ್ಲಿ ಸುಮಾರು ಐದು ಲೀಟರು ರಕ್ತವಿರುತ್ತದೆ. ಒಂದು ಲೀಟರಿಗೆ ಒಂದು ಗ್ರಾಮಿನಂತೆ, ಆರೋಗ್ಯವಂತನ ಇಡೀ ರಕ್ತದಲ್ಲಿ ಬರಿಹೊಟ್ಟೆಯ ವೇಳೆ ಇರುವ ಗ್ಲುಕೋಸು ಹೆಚ್ಚೆಂದರೆ ಐದು ಗ್ರಾಂ, ಅಂದರೆ ಒಂದು ಚಹಾ ಚಮಚದಷ್ಟು ಮಾತ್ರ. ಈ ಸಂಗತಿ ತಿಳಿದಾಗ ನಾನು ಬೆರಗಾದೆ. ಬ್ಯಾಂಕಿನ ಪ್ರತಿಯೊಂದು ಶಾಖೆಗೂ ನಗದು ಮಿತಿಯೆಂಬುದಿರುತ್ತದೆ. ಅದಕ್ಕಿಂತ ಹೆಚ್ಚಾದ ಹಣವನ್ನು ಬೇರೆಡೆಗೆ ಕಳುಹಿಸತಕ್ಕದ್ದು. ದೇಹದಲ್ಲಿ ಈ ಕಾರ್ಯವನ್ನು ಮೇದೋಜೀರಕ ಗ್ರಂಥಿಯು ಸ್ರವಿಸುವ ಇನ್ಸುಲಿನ್ ನಿರ್ವಹಿಸುತ್ತದೆ. ಅದು ಹೆಚ್ಚುವರಿ ಗ್ಲುಕೋಸನ್ನು ಜೀವಕೋಶಗಳೊಳಕ್ಕೆ ಕಳುಹಿಸುತ್ತದೆ. ಯಕೃತ್ತಿನಲ್ಲಿ ಸುಮಾರು 100 ಗ್ರಾಂ, ಮಾಂಸಖಂಡಗಳಲ್ಲಿ ಸುಮಾರು 400 ಗ್ರಾಂ ಗ್ಲೈಕೋಜನ್ ರೂಪದಲ್ಲಿ ಸಂಗ್ರಹವಾಗಬಲ್ಲದು. ಇದು ಬೇಕೆಂದಾಗ ತೆಗೆಯಬಹುದಾದ ಉಳಿತಾಯ ಖಾತೆ. ಈ ಖಾತೆ ತುಂಬಿದ ಮೇಲೂ ಸಂದಾಯ ನಿಲ್ಲದಿದ್ದರೆ, ಮಿಕ್ಕದ್ದು ಕೊಬ್ಬಾಗಿ ಹೊಟ್ಟೆಯ ಸುತ್ತಲೂ ಯಕೃತ್ತಿನೊಳಗೂ ಠೇವಣಿಯಾಗುತ್ತದೆ. ಈ ಠೇವಣಿಯನ್ನಿಡುವುದು ಬಲು ಸುಲಭ, ಹಿಂದಕ್ಕೆ ತೆಗೆಯುವುದು ಬಲು ಕಷ್ಟ.

ಕೊಬ್ಬು ಹೆಚ್ಚಿದಂತೆ ಜೀವಕೋಶಗಳು ಇನ್ಸುಲಿನ್ನಿನ ಆಜ್ಞೆಯನ್ನು ಸರಿಯಾಗಿ ಪಾಲಿಸುವುದಿಲ್ಲ. ಗ್ರಂಥಿಯು ಹೆಚ್ಚು ಹೆಚ್ಚು ಇನ್ಸುಲಿನ್ ಸುರಿಸಿ ಸುರಿಸಿ ವರ್ಷಗಳ ಅನಂತರ ದಣಿಯುತ್ತದೆ. ಆಗ ರಕ್ತದಲ್ಲಿ ಗ್ಲುಕೋಸು ಉಳಿದುಬಿಡುತ್ತದೆ. ವಯಸ್ಕರಲ್ಲಿ ಸಾಮಾನ್ಯವಾಗಿ ಕಂಡುಬರುವ ಮಧುಮೇಹದ ಮಾರ್ಗ ಇದು. ಆದಕಾರಣ ಸಕ್ಕರೆ ತಿಂದವರಿಗೆಲ್ಲ ಈ ವ್ಯಾಧಿ ಬರುವುದೆಂದಾಗಲಿ, ತಿನ್ನದವರಿಗೆ ಬಾರದೆಂದಾಗಲಿ ಭಾವಿಸುವುದು ತಪ್ಪು. ವಂಶಗುಣ, ಸ್ಥೂಲಕಾಯ, ಕುಳಿತೇ ಮಾಡುವ ಉದ್ಯೋಗ ಇವೆಲ್ಲವೂ ಕೂಡಿ ಕಾರಣವಾಗುತ್ತವೆ. ಇವುಗಳಲ್ಲಿ ವಂಶವನ್ನು ಬದಲಿಸಲಾರೆವು. ಸಕ್ಕರೆಯ ಡಬ್ಬಿಯ ಬೀಗದ ಕೈ ಮಾತ್ರ ನಮ್ಮಲ್ಲೇ ಇದೆ. ಮಧುಮೇಹ ಬಾರದವರಿಗೂ ಸಕ್ಕರೆಯಿಂದ ದಂತಕ್ಷಯವುಂಟೆಂಬುದನ್ನು ಮಕ್ಕಳ ತಂದೆತಾಯಿಗಳು ಮರೆಯಬಾರದು.

ಎಷ್ಟು ಸಕ್ಕರೆ ಮಿತ?

ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ನೀಡಿದ ಸೂಚನೆಯಂತೆ, ದಿನದ ಒಟ್ಟು ಶಕ್ತಿಯಲ್ಲಿ ಸಕ್ಕರೆಯ ಪಾಲು ಶೇಕಡಾ 10ನ್ನು ಮೀರಬಾರದು. ಶೇಕಡಾ 5ಕ್ಕಿಂತ ಕಡಿಮೆಯಾದರೆ ಮತ್ತೂ ಉತ್ತಮ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2024ರ ತನ್ನ ಆಹಾರ ಮಾರ್ಗಸೂಚಿಯಲ್ಲಿ ಶೇಕಡಾ 5ರ ಮಿತಿಯನ್ನೇ ಎತ್ತಿಹಿಡಿದು, 2000 ಕ್ಯಾಲರಿ ಸೇವಿಸುವವರಿಗೆ ದಿನಕ್ಕೆ 25 ಗ್ರಾಮಿಗಿಂತ ಹೆಚ್ಚು ಸಕ್ಕರೆ ಸಲ್ಲದೆಂದಿದೆ. 1918ರಲ್ಲಿ ಕೂನೂರಿನಲ್ಲಿ ರಾಬರ್ಟ್ ಮೆಕ್ಯಾರಿಸನ್ನರು ಆರಂಭಿಸಿದ ಸಂಶೋಧನಾ ಕಾರ್ಯವೇ ಬೆಳೆದು, 1958ರಲ್ಲಿ ಹೈದರಾಬಾದಿಗೆ ಸ್ಥಳಾಂತರಗೊಂಡು ಇಂದಿನ ಈ ಸಂಸ್ಥೆಯಾಗಿದೆ. ನಮ್ಮವರ ಊಟವನ್ನೇ ಅಧ್ಯಯನ ಮಾಡಿದವರ ಮಾತಾದುದರಿಂದ 25 ಗ್ರಾಂ ಎಂಬ ಅಂಕಿಯನ್ನೇ ನಾನು ಆಧಾರವಾಗಿಟ್ಟುಕೊಂಡೆ. ಚಹಾ ಚಮಚಕ್ಕೆ ಐದು ಗ್ರಾಮಿನಂತೆ ಇದು ಐದು ಚಮಚ. ಒಂದು ಗ್ರಾಮಿಗೆ 4 ಕ್ಯಾಲರಿಯಂತೆ 100 ಕ್ಯಾಲರಿ.

ಈ ಲೆಕ್ಕಕ್ಕೆ ಸೇರುವುದು ನಾವು ಬೆರೆಸುವ ಸಕ್ಕರೆ, ಬೆಲ್ಲ, ಜೇನು, ಪಾಕಗಳು ಹಾಗೂ ಹಿಂಡಿದ ಹಣ್ಣಿನ ರಸದ ಸಕ್ಕರೆ. ಇಡಿಯಾಗಿ ತಿಂದ ಹಣ್ಣಿನಲ್ಲಿಯೂ ಹಾಲಿನಲ್ಲಿಯೂ ಸಹಜವಾಗಿರುವ ಸಕ್ಕರೆ ಇದರಲ್ಲಿ ಸೇರದು. ಹಣ್ಣಿನಲ್ಲಿ ನಾರು ಇರುವುದರಿಂದ ಅದರ ಸಿಹಿ ನಿಧಾನವಾಗಿ ರಕ್ತಕ್ಕಿಳಿಯುತ್ತದೆ. ಇಲ್ಲಿನ ಚಕ್ಕರಕೇಳಿ ಬಾಳೆಹಣ್ಣಿನ ಹೆಸರಿನಲ್ಲೇ ಸಕ್ಕರೆಯಿದ್ದರೂ, ಆರೋಗ್ಯವಂತರು ದಿನಕ್ಕೊಂದು ತಿಂದರೆ ಬಾಧಕವಿಲ್ಲ. ಅದೇ ಹಣ್ಣು ಸಕ್ಕರೆ ಬೆರೆತ ಮಿಲ್ಕ್ ಷೇಕಾದರೆ ಲೆಕ್ಕವೇ ಬೇರೆ.

ಮನೆಯ ಲೆಕ್ಕ ತನಿಖೆ

ವರದಿ ಬಂದ ವಾರವೇ ನಾನು ಮನೆಯ ಕಿರಾಣಿ ಅಂಗಡಿಯ ಚೀಟಿಗಳನ್ನು ಮುಂದಿಟ್ಟುಕೊಂಡು ಕುಳಿತೆ. ಮನೆಯಲ್ಲಿ ನಾವು ನಾಲ್ವರು: ದಂಪತಿಗಳು ಮತ್ತು ಇಬ್ಬರು ಮಕ್ಕಳು. ತಿಂಗಳಿಗೆ ಬರುತ್ತಿದ್ದುದು 5 ಕಿಲೋ ಸಕ್ಕರೆ, 1 ಕಿಲೋ ಬೆಲ್ಲ. ಒಟ್ಟು 6000 ಗ್ರಾಮನ್ನು ನಾಲ್ಕು ಜನಕ್ಕೂ ಮೂವತ್ತು ದಿನಕ್ಕೂ ಹಂಚಿದರೆ ತಲೆಗೆ ದಿನಕ್ಕೆ 50 ಗ್ರಾಂ. ಹೊರಗಿನ ಒಂದು ಬಿಸ್ಕತ್ತನ್ನೂ ಲೆಕ್ಕಕ್ಕೆ ಹಿಡಿಯದೆ, ಮಿತಿಯ ಇಮ್ಮಡಿಯನ್ನು ಮನೆಯೊಳಗೇ ತಲುಪಿದ್ದೆವು.

ಇದು ಯಾವ ಬಾಬಿಗೆ ಖರ್ಚಾಗುತ್ತಿತ್ತು? ನನ್ನ ಮೊದಲ ಅನುಮಾನ ಸಾರು-ಹುಳಿಗೆ ಹಾಕುವ ಬೆಲ್ಲದ ಮೇಲೆ. "ನಿಮ್ಮ ಸಾಂಬಾರು ಪಾಯಸದಂತಿದೆ" ಎಂದು ವಿಜಯವಾಡದ ನೆರೆಮನೆಯವರು ನಗುತ್ತಿದ್ದುದು ನೆನಪಿತ್ತು. ನನ್ನ ಶ್ರೀಮತಿ ಒಂದು ತಿಂಗಳು ಪ್ರತಿಯೊಂದನ್ನೂ ಅಳೆದು ಬರೆದಿಟ್ಟಳು. ಫಲಿತಾಂಶ ಹೀಗಿತ್ತು:

ಕಾಫಿಗೆ ಮತ್ತು ಮಕ್ಕಳ ಹಾಲಿಗೆ: 2400 ಗ್ರಾಂ
ಭಾನುವಾರದ ಕೇಸರಿಬಾತು, ಹಬ್ಬದ ಪಾಯಸ ಇತ್ಯಾದಿಗಳಿಗೆ: 1200 ಗ್ರಾಂ
ಷರಬತ್ತು, ಹಣ್ಣಿನ ರಸಗಳಿಗೆ: 1000 ಗ್ರಾಂ
ಮೊಸರು, ದೋಸೆ ಮುಂತಾದುವಕ್ಕೆ: 400 ಗ್ರಾಂ
ಹೋಳಿಗೆ, ಉಂಡೆಗಳ ಬೆಲ್ಲ: 550 ಗ್ರಾಂ
ಸಾರು, ಹುಳಿ, ಗೊಜ್ಜುಗಳ ಬೆಲ್ಲ: 450 ಗ್ರಾಂ

"ಸುಮ್ಮನೆ ಸಾರಿನ ಮೇಲೆ ಅಪವಾದ ಹೊರಿಸಿದಿರಿ, ಈಗ ನಿಮ್ಮ ಕಾಫಿಯ ಲೆಕ್ಕ ನೋಡಿ" ಎಂದಳಾಕೆ. ಮಾತು ಸತ್ಯವಾಗಿತ್ತು. ಸಾರಿನ ಬೆಲ್ಲ ತಲೆಗೆ ದಿನಕ್ಕೆ ನಾಲ್ಕು ಗ್ರಾಂ ಕೂಡ ಇರಲಿಲ್ಲ. ಹಬ್ಬದ ಸಿಹಿಯೂ ಪ್ರಧಾನ ಅಪರಾಧಿಯಲ್ಲ. ದಿನದಿನವೂ ಗಮನಕ್ಕೆ ಬಾರದಂತೆ ಎರಡು ಚಮಚದ ಲೆಕ್ಕದಲ್ಲಿ ಲೋಟದೊಳಗೆ ಕರಗುತ್ತಿದ್ದುದೇ ದೊಡ್ಡ ಬಾಬು. ಸಾಲಗಾರನನ್ನು ಮುಳುಗಿಸುವುದು ಮಗಳ ಮದುವೆಯ ಖರ್ಚೊಂದೇ ಅಲ್ಲ, ಅಂಗಡಿಯ ನಿತ್ಯದ ಉದ್ದರಿಯೂ ಹೌದೆಂಬುದನ್ನು ನಾನು ಉದ್ಯೋಗದಲ್ಲಿ ಅನೇಕ ಬಾರಿ ಕಂಡಿದ್ದೇನೆ. ಇಲ್ಲಿಯೂ ಅದೇ ನಡೆದಿತ್ತು.

ಇನ್ನು ಹೊರಗಿನ ಲೆಕ್ಕ. ಕಚೇರಿಯಲ್ಲಿ ದಿನಕ್ಕೆ ಮೂರು ಬಾರಿ ಬರುವ ಚಹಾ ಮೊದಲೇ ಸಕ್ಕರೆ ಬೆರೆತದ್ದು. ಒಂದಕ್ಕೆ ಎರಡು ಚಮಚವೆಂದರೂ 30 ಗ್ರಾಂ ಆಯಿತು. ಮನೆಯದೂ ಕೂಡಿ ನನ್ನೊಬ್ಬನ ಖಾತೆಯಲ್ಲಿ 80 ಗ್ರಾಂ! ವಾಚಕರ ಅನುಕೂಲಕ್ಕಾಗಿ ಕೆಲವು ಪದಾರ್ಥಗಳ ಅಂದಾಜು ಕೊಡುತ್ತೇನೆ. ಅರ್ಧ ಕಿಲೋ ಸಕ್ಕರೆ ಹಾಕಿದ ಮೈಸೂರು ಪಾಕನ್ನು ನಲವತ್ತು ತುಂಡು ಮಾಡಿದರೆ ಒಂದೊಂದರಲ್ಲೂ ಹನ್ನೆರಡೂವರೆ ಗ್ರಾಂ, ಅಂದರೆ ದಿನದ ಮಿತಿಯ ಅರ್ಧ. ನಾಲ್ಕು ಗ್ಲುಕೋಸ್ ಬಿಸ್ಕತ್ತುಗಳಲ್ಲಿ ಸುಮಾರು ಒಂದು ಚಮಚ. ಕೋಲಾ ಪಾನೀಯದಲ್ಲಿ 100 ಮಿಲಿಲೀಟರಿಗೆ ಸುಮಾರು 10 ಗ್ರಾಮಿನಂತೆ, 300 ಮಿಲಿಲೀಟರಿನ ಶೀಸೆಯೊಂದರಲ್ಲಿ 30 ಗ್ರಾಂ. ಮೇ ತಿಂಗಳ ವಿಜಯವಾಡದ ಬಿಸಿಲಿನಲ್ಲಿ ಕಬ್ಬಿನ ಹಾಲನ್ನು ಕಂಡರೆ ಮಂಡ್ಯದವನ ಕಾಲು ತಾನಾಗಿ ನಿಲ್ಲುತ್ತದೆ. ಆದರೆ ದೊಡ್ಡ ಲೋಟವೊಂದರಲ್ಲೇ ದಿನದ ಮಿತಿಯೆಲ್ಲ ಮುಗಿದುಹೋಗುತ್ತದೆ.

ಬೆಲ್ಲದ ಬಗೆಗಿನ ಭ್ರಮೆ

"ನಾವು ಸಕ್ಕರೆ ಬಿಟ್ಟು ಬೆಲ್ಲಕ್ಕೆ ಬಂದಿದ್ದೇವೆ" ಎಂದು ನೆಮ್ಮದಿಯಿಂದಿರುವ ಮಿತ್ರರು ಅನೇಕರಿದ್ದಾರೆ. ಅನಕಾಪಲ್ಲಿಯ ಬೆಲ್ಲದ ಸುವಾಸನೆಯನ್ನು ನಾನೂ ಬಲ್ಲೆ. ಕಬ್ಬಿನ ಕೆಲವು ಖನಿಜಾಂಶಗಳು ಬೆಲ್ಲದಲ್ಲಿ ಉಳಿದಿರುವುದೂ ನಿಜ. ಆದರೆ ಬೆಲ್ಲದ ತೂಕದಲ್ಲಿ ಶೇಕಡಾ 85ರ ಆಸುಪಾಸು ಸಕ್ಕರೆಯೇ ಇರುತ್ತದೆ. ಜೇನಿನಲ್ಲಿಯೂ ಸುಮಾರು ಶೇಕಡಾ 80 ಸಕ್ಕರೆಯೇ. ಖಾತೆಯ ಹೆಸರು ಬದಲಾದ ಮಾತ್ರಕ್ಕೆ ಸಾಲ ತೀರುವುದಿಲ್ಲ. ಬೆಲ್ಲವೆಂಬ ಧೈರ್ಯದಿಂದ ಒಂದು ಉಂಡೆಯ ಸ್ಥಳದಲ್ಲಿ ಎರಡು ತಿಂದರೆ ನಷ್ಟ ಮತ್ತಷ್ಟು ಹೆಚ್ಚುತ್ತದೆ. ಸಕ್ಕರೆಗೆ ಬದಲು ಕೃತಕ ಸಿಹಿಯ ಗುಳಿಗೆಗಳನ್ನು ತೂಕ ಇಳಿಸುವ ಉಪಾಯವಾಗಿ ನೆಚ್ಚಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ಸಲಹೆ ನೀಡಿದೆ. ನಾಲಿಗೆಯು ಕಡಿಮೆ ಸಿಹಿಗೆ ಹೊಂದಿಕೊಳ್ಳುವುದೇ ನಿಜವಾದ ಪರಿಹಾರ.

ಪೊಟ್ಟಣದ ಮೇಲಿನ ಅಂಕಿಗಳು

ಕೊಂಡು ತರುವ ತಿಂಡಿಗಳ ಪೊಟ್ಟಣದ ಮೇಲೆ ಪೋಷಕಾಂಶಗಳ ಪಟ್ಟಿಯಿರುತ್ತದೆ. 2020ರ ನಿಯಮಗಳ ಪ್ರಕಾರ ಅದರಲ್ಲಿ ಒಟ್ಟು ಸಕ್ಕರೆಯನ್ನೂ ಸೇರಿಸಿದ ಸಕ್ಕರೆಯನ್ನೂ ಪ್ರತ್ಯೇಕವಾಗಿ ನಮೂದಿಸತಕ್ಕದ್ದು. ಅಕ್ಷರಗಳು ಸೂಕ್ಷ್ಮವಾದರೂ ಓದುವುದು ಅವಶ್ಯ. ಸಾಲಪತ್ರಕ್ಕೆ ಸಹಿ ಹಾಕುವ ಮೊದಲು ಸಣ್ಣ ಅಕ್ಷರಗಳನ್ನು ಓದಿರೆಂದು ನಾವು ಗ್ರಾಹಕರಿಗೆ ಹೇಳುತ್ತೇವಲ್ಲವೆ?

ಇಲ್ಲಿ ಒಂದು ಮುಖ್ಯ ಸಂಗತಿಯನ್ನು ಗಮನಿಸಬೇಕು. ಪೊಟ್ಟಣದ ಮೇಲೆ ದಿನದ ಅಗತ್ಯದ ಶೇಕಡಾ ಇಷ್ಟು ಎಂದು ತೋರಿಸುವಾಗ, ಸೇರಿಸಿದ ಸಕ್ಕರೆಗೆ 50 ಗ್ರಾಮನ್ನು ದಿನದ ಲೆಕ್ಕವಾಗಿ ಹಿಡಿಯಲಾಗುತ್ತದೆ. ಪೋಷಣ ಸಂಸ್ಥೆಯು ಹೇಳುವ ಮಿತಿಯಾದರೋ 25 ಗ್ರಾಂ. ಆದ್ದರಿಂದ ಪೊಟ್ಟಣವು ಶೇಕಡಾ 20 ಎಂದರೆ ಅದು 10 ಗ್ರಾಂ. ನಮ್ಮ ಮಿತಿಯಲ್ಲಿ ಶೇಕಡಾ 40. ಶೇಕಡಾವಾರನ್ನು ಬಿಟ್ಟು ಗ್ರಾಮನ್ನೇ ಓದುವುದು ಕ್ಷೇಮ. ಸಾಮಗ್ರಿಗಳ ಪಟ್ಟಿಯಲ್ಲಿ ಡೆಕ್ಸ್‌ಟ್ರೋಸ್, ಗ್ಲುಕೋಸ್ ಸಿರಪ್, ಇನ್ವರ್ಟ್ ಸಿರಪ್ ಎಂಬ ಹೆಸರುಗಳಿದ್ದರೆ ಅವೂ ಸಕ್ಕರೆಯ ಬಂಧುಗಳೇ. ಶಾಲೆಗಳಲ್ಲಿ ಮಕ್ಕಳಿಗೆ ಈ ತಿಳಿವಳಿಕೆ ಕೊಡಲು ಸಕ್ಕರೆ ಫಲಕಗಳನ್ನು ಹಾಕಬೇಕೆಂದು ಕೇಂದ್ರೀಯ ಮಾಧ್ಯಮಿಕ ಶಿಕ್ಷಣ ಮಂಡಳಿಯು 2025ರ ಮೇ ತಿಂಗಳಲ್ಲಿ ತನ್ನ ಶಾಲೆಗಳಿಗೆ ಸೂಚಿಸಿತು. ನಮ್ಮ ಕಿರಿಯ ಮಗ ಈಗ ಅಂಗಡಿಯಲ್ಲೇ ಪೊಟ್ಟಣ ತಿರುಗಿಸಿ ಅಂಕಿಗಳನ್ನು ಗಟ್ಟಿಯಾಗಿ ಓದುತ್ತಾನೆ.

ಅನ್ನದ ರಾಶಿಯನ್ನು ಮರೆಯಬಾರದು

ಸಕ್ಕರೆ ಬಿಟ್ಟೆನೆಂಬ ಹೆಮ್ಮೆಯಿಂದ ಮೂರು ಬಾರಿ ಅನ್ನ ಬಡಿಸಿಕೊಂಡರೆ ಫಲವಿಲ್ಲ. ಪಾಲಿಷ್ ಮಾಡಿದ ಅಕ್ಕಿಯ ಅನ್ನವೂ ಬೇಗನೆ ಗ್ಲುಕೋಸಾಗುವ ಪದಾರ್ಥವೇ. ಕೃಷ್ಣಾ, ಗೋದಾವರಿ ತೀರದ ಬೆಳ್ಳನೆಯ ಅನ್ನ, ಪಪ್ಪು, ತುಪ್ಪ, ಗೋಂಗೂರಗಳ ರುಚಿ ಹತ್ತಿದ ಮೇಲೆ ಕೈ ತಡೆಯುವುದು ಸುಲಭವಲ್ಲವೆಂಬುದನ್ನು ಅನುಭವದಿಂದ ಬಲ್ಲೆ. ನಮ್ಮ ದಿನದ ಶಕ್ತಿಯಲ್ಲಿ ಧಾನ್ಯಗಳ ಪಾಲು ಸುಮಾರು ಶೇಕಡಾ 45ಕ್ಕೆ ಸೀಮಿತವಾಗಬೇಕೆಂದೂ, ತರಕಾರಿ ಹಣ್ಣುಗಳು ಕೂಡಿ ದಿನಕ್ಕೆ ಸುಮಾರು 500 ಗ್ರಾಂ ಇರಬೇಕೆಂದೂ ಪೋಷಣ ಸಂಸ್ಥೆಯ ಅಭಿಪ್ರಾಯ. ತಟ್ಟೆಯ ಅರ್ಧವನ್ನು ಪಲ್ಯ, ಕೋಸಂಬರಿ, ಸೊಪ್ಪುಗಳೂ, ಕಾಲುಭಾಗವನ್ನು ಬೇಳೆಕಾಳುಗಳೂ, ಮಿಕ್ಕ ಕಾಲುಭಾಗವನ್ನು ಅನ್ನವೋ ಮುದ್ದೆಯೋ ತುಂಬಿದರೆ ಸಮತೋಲನ ತಾನಾಗಿ ಬರುತ್ತದೆ. ರಾಗಿಯಲ್ಲಿ ನಾರು, ಸುಣ್ಣದಂಶಗಳು ಅಧಿಕವಾದರೂ ಅದರಲ್ಲಿಯೂ ಪಿಷ್ಟವಿದೆ. ಒಂದು ಮುದ್ದೆ ಊಟ, ಮೂರು ಮುದ್ದೆ ಮತ್ತೆ ಠೇವಣಿ.

ಕುಟುಂಬದ ಮುಂಗಡಪತ್ರ

ನಾಲ್ಕು ಜನಕ್ಕೆ ತಲೆಗೆ 25 ಗ್ರಾಮಿನಂತೆ ತಿಂಗಳಿಗೆ 3 ಕಿಲೋ ಆಗುತ್ತದೆ. ಇದರಲ್ಲಿ ಒಂದು ಕಿಲೋವನ್ನು ಹೊರಗಿನ ತಿಂಡಿ-ಪಾನೀಯಗಳಿಗೆ ಮೀಸಲಿಟ್ಟು, ಸಕ್ಕರೆ-ಬೆಲ್ಲಗಳೆರಡೂ ಕೂಡಿ 2 ಕಿಲೋ ಮಾತ್ರ ಮನೆಗೆ ತರುವುದೆಂದು ನಿಶ್ಚಯಿಸಿದೆವು. ಡಬ್ಬಿ ಮುಗಿದರೆ ತಿಂಗಳು ಮುಗಿಯುವವರೆಗೆ ಮತ್ತೆ ತರುವಂತಿಲ್ಲ. ನಮ್ಮ ಬಾಲ್ಯದಲ್ಲಿ ರೇಷನ್ ಕಾರ್ಡಿಗೆ ಬರುತ್ತಿದ್ದ ಅಳತೆಯ ಸಕ್ಕರೆಯನ್ನು ತಾಯಂದಿರು ಹಬ್ಬಕ್ಕೆಂದು ಎತ್ತಿಡುತ್ತಿದ್ದರಷ್ಟೆ. ಅಂದು ಅಭಾವವೇ ಮಾಡಿಸುತ್ತಿದ್ದುದನ್ನು ಇಂದು ವಿವೇಕದಿಂದ ಮಾಡಬೇಕಾಗಿದೆ.

ಸಕ್ಕರೆಯನ್ನು ಒಮ್ಮೆಗೇ ನಿಲ್ಲಿಸಲಿಲ್ಲ. ಕಾಫಿಗೆ ಎರಡು ಚಮಚವಿದ್ದುದನ್ನು ಎರಡು ವಾರಕ್ಕೊಮ್ಮೆ ಅರ್ಧ ಚಮಚದಂತೆ ಇಳಿಸಿದೆವು. ಮೊದಲ ತಿಂಗಳು ಕಾಫಿ ಕಷಾಯವೆನಿಸಿತು. ಮೂರನೆಯ ತಿಂಗಳಿಗೆ ಹಿಂದಿನ ಕಾಫಿಯೇ ಪಾನಕವೆನಿಸತೊಡಗಿತು. ಷರಬತ್ತಿನ ಸ್ಥಳಕ್ಕೆ ಕರಿಬೇವು, ಇಂಗು, ಶುಂಠಿ ಹಾಕಿದ ನೀರುಮಜ್ಜಿಗೆ ಬಂದಿತು. ಕೇಸರಿಬಾತು ವಾರದಿಂದ ತಿಂಗಳಿಗೆ ಹೋಯಿತು. ಹಬ್ಬದ ಹೋಳಿಗೆಗೆ ಕತ್ತರಿ ಹಾಕಲಿಲ್ಲ. ನಿತ್ಯದ ಉದ್ದರಿ ನಿಂತರೆ ಹಬ್ಬದ ಖರ್ಚನ್ನು ದೇಹ ತಾಳಿಕೊಳ್ಳಬಲ್ಲದು. ದೊಡ್ಡ ಮಗ ಮಾತ್ರ ಕೋಲಾಕ್ಕಾಗಿ ಬಹುಕಾಲ ಪ್ರತಿಭಟಿಸಿದ. ಅವನಿಗೆ ವಾರಕ್ಕೊಂದು ಚಿಕ್ಕ ಶೀಸೆಯ ರಿಯಾಯಿತಿ ಇಂದಿಗೂ ಉಂಟು. ಜೊತೆಗೆ ನಾನು ನಿತ್ಯ ನಲವತ್ತು ನಿಮಿಷ ನಡೆಯತೊಡಗಿದೆ. ವರ್ಷದ ಕೊನೆಗೆ ನನ್ನ ತೂಕ ನಾಲ್ಕು ಕಿಲೋ ಇಳಿದು, ಶೇಕಡಾ 6.1 ಇದ್ದ ಅಂಕಿ 5.8 ಆಯಿತು. ಇದರಲ್ಲಿ ಸಕ್ಕರೆಯ ಪಾಲೆಷ್ಟು, ನಡಿಗೆಯ ಪಾಲೆಷ್ಟು ಎಂದು ವಿಂಗಡಿಸಲಾರೆ. ನೋಟೀಸು ಇನ್ನೂ ಪೂರ್ತಿಯಾಗಿ ವಾಪಸಾಗಿಲ್ಲ. ವಾಯಿದೆ ಮಾತ್ರ ದೊರೆತಿದೆ.

ಒಂದು ಎಚ್ಚರಿಕೆ. ಈಗಾಗಲೇ ಇನ್ಸುಲಿನ್ ಅಥವಾ ಮಧುಮೇಹದ ಗುಳಿಗೆಗಳನ್ನು ಸೇವಿಸುತ್ತಿರುವವರು ವೈದ್ಯರನ್ನು ಕೇಳದೆ ಊಟವನ್ನು ಬದಲಿಸತಕ್ಕದ್ದಲ್ಲ. ಅಂಥವರಲ್ಲಿ ರಕ್ತದ ಗ್ಲುಕೋಸು 70ಕ್ಕಿಂತ ಕೆಳಗಿಳಿದರೆ ಬೆವರು, ನಡುಕ, ಕಣ್ಣು ಕತ್ತಲಿಡುವುದು ಮುಂತಾದ ಲಕ್ಷಣಗಳು ತೋರುತ್ತವೆ. ಆ ಕ್ಷಣದಲ್ಲಿ ಮೂರು ಚಮಚ ಸಕ್ಕರೆಯೇ ಅವರಿಗೆ ಔಷಧ. ತಡಮಾಡದೆ ನೀರಿನಲ್ಲಿ ಕರಗಿಸಿ ಕುಡಿಸಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯತಕ್ಕದ್ದು.

ಸಂಘದ ಬಂಧುಗಳಲ್ಲಿ ಒಂದು ವಿನಂತಿ

ನಮ್ಮ ಸಂಘದ ಸಮಾರಂಭಗಳಲ್ಲಿ ಕಾಫಿಯು ದೊಡ್ಡ ಪಾತ್ರೆಯಲ್ಲೇ ಸಕ್ಕರೆ ಬೆರೆತು ಬರುತ್ತದೆ. ಬೇಡವೆನ್ನುವವರಿಗೆ ಕಾಫಿಯೇ ಇಲ್ಲ. ಮುಂದಿನ ಸಮಾರಂಭದಿಂದ ಸಕ್ಕರೆಯಿಲ್ಲದ ಕಾಫಿಯನ್ನೇ ತಂದು, ಪಕ್ಕದಲ್ಲಿ ಸಕ್ಕರೆಯ ಬಟ್ಟಲೊಂದನ್ನು ಚಮಚದೊಡನೆ ಇರಿಸಬಹುದಲ್ಲವೆ? ಎಲೆಗೆ ಎರಡು ಸಿಹಿ ಬಡಿಸುವ ಕಡೆ ಒಂದು ಸಿಹಿಯನ್ನೂ ಒಂದು ಕೋಸಂಬರಿಯನ್ನೂ ಬಡಿಸಬಹುದಲ್ಲವೆ? ಇದರಿಂದ ಆತಿಥ್ಯಕ್ಕೆ ಕುಂದುಂಟಾಗದು. ಖಜಾಂಚಿಗಳಿಗೂ ಅಷ್ಟಿಷ್ಟು ಉಳಿತಾಯವಾದೀತು.

ಯುಗಾದಿಯಂದು ನಾವು ಬೇವು-ಬೆಲ್ಲ ಹಂಚುತ್ತೇವೆ. ನಮ್ಮ ತೆಲುಗು ನೆರೆಯವರ ಯುಗಾದಿ ಪಚ್ಚಡಿಯಲ್ಲಿ ಬೇವಿನ ಹೂವು, ಹೊಸ ಬೆಲ್ಲ, ಹುಣಸೆ, ಮಾವಿನಕಾಯಿ, ಉಪ್ಪು, ಖಾರ ಎಂಬ ಆರು ರುಚಿಗಳು ಕೂಡಿರುತ್ತವೆ. ಸಿಹಿಯು ಆ ಆರರಲ್ಲಿ ಒಂದು. ಉಳಿದ ಐದನ್ನು ಅದು ನುಂಗಿಹಾಕುವುದಿಲ್ಲ. ವರ್ಷದ ಮೊದಲ ದಿನ ಒಂದು ಚಮಚದಲ್ಲಿ ನಾವು ಸವಿಯುವ ಈ ಪ್ರಮಾಣವನ್ನು ಉಳಿದ ದಿನಗಳಲ್ಲೂ ತಟ್ಟೆಯಲ್ಲಿ ಪಾಲಿಸಿದರೆ ಸಾಕು. ವಾಚಕರು ಈ ತಿಂಗಳ ಕಿರಾಣಿ ಚೀಟಿಯನ್ನು ಎಸೆಯದೆ ತೆಗೆದಿಡಲಿ. ಸಕ್ಕರೆ-ಬೆಲ್ಲಗಳ ತೂಕವನ್ನು ಮನೆಯ ಜನರ ಸಂಖ್ಯೆಯಿಂದಲೂ ಮೂವತ್ತರಿಂದಲೂ ಭಾಗಿಸಿ ನೋಡಲಿ. ಬರುವ ಅಂಕಿ 25ಕ್ಕಿಂತ ಹೆಚ್ಚಿದ್ದರೆ, ನೋಟೀಸಿಗಾಗಿ ಕಾಯುವುದು ಬೇಡವೆಂದು ಅನುಭವಸ್ಥನ ಪ್ರಾರ್ಥನೆ.